ಮಕ್ಕಳಿಗೆ ಹೆದರುತ್ತಿದ್ದ ಲಾಯದ ಮಾಮ

ಲಾಯದ ಮಾಮನಿಗೆ ಕುದುರೆಯ ಭಯವೆಂಬುದೇ ಇರಲಿಲ್ಲ. ಒಮ್ಮೆ ಒದೆ ತಿಂದು ಪಕ್ಕೆಲುಬು ಮುರಿದಾಗಲೂ, "ತಪ್ಪು ನಂದೇ, ಹೇಳ್ದೆ ಕೇಳ್ದೆ ಹಿಂದಿಂದ ಹೋದೆ" ಎಂದು ಕುದುರೆಯ ಪರವಾಗಿಯೇ ವಕಾಲತ್ತು ವಹಿಸಿದ ಆಸಾಮಿ ಅವನು. ಅವನ ಎದೆ ನಡುಗುತ್ತಿದ್ದದ್ದು ಸಣ್ಣ ಮಕ್ಕಳನ್ನು ಕಂಡರೆ. ಹಾಗಾಗಿ ಸವಾರಿ ಶಾಲೆ ನಡೆಸುತ್ತಿದ್ದ ಅಕ್ಕ, "ಮುಂದಿನ ವಾರದಿಂದ ಪುಟ್ಟ ಮಕ್ಕಳು ಬರ್ತಾರೆ, ನೀನೇ ಕಲಿಸ್ಬೇಕು" ಎಂದಾಗ ಅವನ ಕೈಲಿದ್ದ ಬ್ರಷ್ಷು ಜಾರಿ ಬಿತ್ತು.

"ಅಕ್ಕಾ, ಕುದುರೆ ಏನ್ಮಾಡತ್ತೆ ಅಂತ ಅದರ ಕಿವಿ ನೋಡಿ ಹೇಳ್ತೀನಿ. ಈ ಪಿಳ್ಳೆಗಳ ಕಿವಿ ನೋಡಿದ್ರೆ ಏನೂ ಗೊತ್ತಾಗಲ್ವಲ್ಲ!"

"ಕಲ್ತ್ಕೋ," ಎಂದಳು ಅಕ್ಕ.

ಮೊದಲ ದಿನವೇ ಎರಡು ಜಡೆಯ ಹುಡುಗಿಯೊಬ್ಬಳು ಸಾಲು ಬಿಟ್ಟು, ಮುದಿ ಕುದುರೆಯ ಬಾಲದ ಕಡೆಗೇ ಓಡಿದಳು. "ಏಯ್!" ಎಂದು ಮಾಮ ಗುಡುಗಿದ. ಹುಡುಗಿ ನಿಂತಲ್ಲೇ ಅತ್ತಳು. ಕುದುರೆ ಬೆಚ್ಚಿ ಹಗ್ಗ ಜಗ್ಗಿತು. ಯಾರಿಗೂ ಏಟಾಗಲಿಲ್ಲ, ಆದರೆ ಅಂದು ರಾತ್ರಿ ಮಾಮ ಲಾಯದಲ್ಲೇ ಕೂತು ಲೆಕ್ಕ ಹಾಕಿದ. ಕೂಗಿದರೆ ಮಗುವೂ ಬೆಚ್ಚುತ್ತದೆ, ಕುದುರೆಯೂ ಬೆಚ್ಚುತ್ತದೆ. ಸುಮ್ಮನಿದ್ದರೆ ಒದೆ ಗ್ಯಾರಂಟಿ. ಬೇರೆ ದಾರಿ ಹುಡುಕಿಯೇ ತೀರುತ್ತೇನೆ ಎಂದು ಹಟ ತೊಟ್ಟ.

ಮುಂದಿನ ಪಾಠಕ್ಕೆ ಅವನು ಕುದುರೆಯನ್ನು ಹೊರಗೇ ತರಲಿಲ್ಲ. ಅಂಗಳದಲ್ಲಿ ಹಾಸಿದ್ದ ಮರದ ಹೊಟ್ಟಿನ ಮೇಲೆ ತಾನೇ ಮಂಡಿಯೂರಿ, ಕೈ ಊರಿ ನಿಂತ.

"ಈಗ ನಾನೇ ಕುದುರೆ. ಬೆನ್ನ ಹಿಂದೆ ಏನಿದ್ಯೋ ನಂಗೆ ಕಾಣಲ್ಲ. ಹೇಗೆ ಬರ್ತೀರೋ ಬನ್ನಿ."

ಒಬ್ಬ ಹುಡುಗ ಕಳ್ಳಹೆಜ್ಜೆಯಲ್ಲಿ ಹಿಂದಿನಿಂದ ಬಂದ. ಮಾಮ ಕಾಲು ಝಾಡಿಸಿದ ರಭಸಕ್ಕೆ ಹೊಟ್ಟು ಅವನ ಮೂಗಿಗೇ ಹಾರಿತು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಜಡೆಯ ಹುಡುಗಿ ಮಾತ್ರ ನಗದೆ ಯೋಚಿಸಿದಳು. ಸುತ್ತು ಬಳಸಿ ಅವನ ಭುಜದ ಪಕ್ಕಕ್ಕೆ ಬಂದು, "ಮಾಮಾ, ನಾನು ಬಂದೆ," ಎಂದು ಮೆಲ್ಲಗೆ ಕೈಯಿಟ್ಟಳು. ಮಾಮ ಕಲ್ಲಿನಂತೆ ಅಲುಗದೆ ನಿಂತ.

"ಶಭಾಷ್! ಕುದುರೆಗೆ ಇಷ್ಟೇ ಬೇಕು."

ಮಂಡಿ ಕಿತ್ತುಬರುತ್ತಿದ್ದರೂ ಕಡೆಯ ಮಗು ಕಲಿಯುವ ತನಕ ಅವನು ಏಳಲಿಲ್ಲ.

ಆಮೇಲೆ ಬಂತು ನಿಜವಾದ ಕುದುರೆ. ಅಕ್ಕ ಹಗ್ಗ ಹಿಡಿದಳು. ಮಾಮ ಜಡೆಯ ಹುಡುಗಿಯ ಹೆಲ್ಮೆಟ್ಟಿನ ಪಟ್ಟಿ ಎಳೆದು ನೋಡಿ, ಜೀನಿನ ಮೇಲೆ ಕೂರಿಸಿ, ಪಕ್ಕದಲ್ಲೇ ನಡೆದ. ಕುದುರೆ ಹೆಜ್ಜೆ ಎತ್ತಿದ್ದೇ ತಡ, ಅವಳ ಮುಖ ಬಿಳಿಚಿಕೊಂಡಿತು.

"ಇಳೀಬೇಕಾ?"

"ಹೂಂ."

ತಕ್ಷಣ ಇಳಿಸಿದ. ಅವಳು ಕುದುರೆಯ ಕುತ್ತಿಗೆ ಸವರುತ್ತಾ ಸ್ವಲ್ಪ ಹೊತ್ತು ನಿಂತಳು. ಬಳಿಕ ಮತ್ತೆ ಹತ್ತಿಸಲೆಂದು ತಾನಾಗಿಯೇ ಕೈ ಮೇಲೆತ್ತಿದಳು.

ಈ ಸಲ ಅಂಗಳವನ್ನು ಪೂರ್ತಿ ಸುತ್ತಿ ಬಂದರು. ಬೇಲಿಯ ಹತ್ತಿರ ತಲುಪುವಷ್ಟರಲ್ಲಿ ಹುಡುಗಿಗೆ ಕೊಂಬು ಬಂದಿತ್ತು.

"ಮಾಮಾ, ಓಡ್ಸಿ!"

"ಮೊದಲು ನಡೆಯೋದು ಗಟ್ಟಿಯಾಗ್ಲಿ ತಾಯಿ," ಎಂದ ಮಾಮ, ಮತ್ತೊಂದು ಸುತ್ತಿಗೆ ಅಕ್ಕನಿಗೆ ಸನ್ನೆ ಮಾಡಿದ.