ತನ್ನ ಪರ ಮಾತಾಡದ ಕಾರ್ಯದರ್ಶಿ

ಬೀದಿಯವರೆಲ್ಲ ಅವರನ್ನು 'ವಿಚಾರಣೆ ಮಾವ' ಎನ್ನುತ್ತಿದ್ದರು. ಹಾಲು ಕದ್ದ ಬೆಕ್ಕನ್ನು ಓಡಿಸುವ ಮೊದಲು ಅದರ ಅಹವಾಲನ್ನೂ ಕೇಳುವ ಮನುಷ್ಯ. ಬೆಕ್ಕು ವಾಯಿದೆ ಕೇಳಿದ್ದರೆ ಕೊಟ್ಟೇಬಿಡುತ್ತಿದ್ದರು. ಅಷ್ಟರಲ್ಲಿ ಉಳಿದ ಹಾಲೂ ಖಾಲಿ.

ಅವರು ಆಡಳಿತ ಕಾನೂನು ಸಲಹಾ ಮಂಡಳಿಯ ಕಾರ್ಯದರ್ಶಿ. ಸರ್ಕಾರಿ ಕಚೇರಿಗಳು ಜನರ ವಿಷಯದಲ್ಲಿ ತೀರ್ಮಾನ ಮಾಡುವಾಗ ನ್ಯಾಯವಾಗಿ ನಡೆದುಕೊಳ್ಳುತ್ತಿವೆಯೇ ಎಂದು ನೋಡಿ ಸಲಹೆ ಕೊಡುವುದು ಮಂಡಳಿಯ ಕೆಲಸ. ಕೊಡುವುದಷ್ಟೇ; ತೆಗೆದುಕೊಳ್ಳುವವರು ಇರಲಿಲ್ಲ. ಕಚೇರಿ ಇದ್ದದ್ದು ಮೇಲಿನ ಮಹಡಿಯ ಕೊನೆಯಲ್ಲಿ, ಶೌಚಾಲಯದ ಪಕ್ಕ. ಬಾಗಿಲು ತಟ್ಟಿದವರಲ್ಲಿ ಮುಕ್ಕಾಲು ಪಾಲು ಜನ ಹುಡುಕುತ್ತಿದ್ದುದು ಅದನ್ನೇ.

ಆದರೂ ಒಂದು ಸಲಹೆಗೆ ಜೀವ ಬಂದಿತ್ತು. ಬದುಕಿರುವ ಮುದುಕಿಯರನ್ನು ಸತ್ತವರೆಂದು ಬರೆದು ಪಿಂಚಣಿ ನಿಲ್ಲಿಸುತ್ತಿದ್ದ ಕಾಲವದು. ನಿಲ್ಲಿಸುವ ಮುನ್ನ ಅವರನ್ನು ಕರೆದು ಕೇಳಲೇಬೇಕು ಎಂದು ಮಾವ ಒಂದು ನಿಯಮದ ಕರಡು ಬರೆದಿದ್ದರು. ಅದು ಸಚಿವರ ಸಹಿಯ ಹೊಸ್ತಿಲಿಗೆ ಬಂದಿತ್ತು. ಅಷ್ಟರಲ್ಲಿ ಸಂಸತ್ತಿನ ಸಮಿತಿಯೊಂದು ಈ ಮಂಡಳಿ ಬೇಕೇ ಬೇಡವೇ ಎಂದು ಪರಿಶೀಲಿಸಲು ಕೂತಿತು. ಮಂಡಳಿ ಹೋದರೆ ಕರಡೂ ಹೋದಂತೆ.

ಸಾಕ್ಷ್ಯ ಹೇಳಲು ಮಾವನಿಗೆ ಕರೆ ಬಂತು. ಹೊರಡುವಾಗ ಹೆಂಡತಿ ಕಾಲರ್ ಸರಿಮಾಡುತ್ತ ಹೇಳಿದರು:

"ಅಲ್ಲಿ ಹೋಗಿ ನ್ಯಾಯ ನೀತಿ ಅಂತ ಪಾಠ ಮಾಡ್ಬೇಡಿ. ಮಂಡಳಿ ಬೇಕು ಅಂತ ಬಾಯ್ಬಿಟ್ಟು ಹೇಳಿ."

"ನೋಡೋಣ."

"ನೋಡೋದಲ್ಲ, ಹೇಳೋದು. ತರಕಾರಿ ಮರೆತು ಬಂದಾಗ ನನ್ನ ಹತ್ರ ಅಷ್ಟುದ್ದ ವಾದ ಮಾಡ್ತೀರಲ್ಲ, ಅದರಲ್ಲಿ ಅರ್ಧ ಅಲ್ಲಿ ಮಾಡಿ, ಸಾಕು."

ಸಮಿತಿಯ ಮೇಜು ಎಷ್ಟು ಉದ್ದವೆಂದರೆ, ಆ ತುದಿಯಲ್ಲಿ ಕೇಳಿದ ಪ್ರಶ್ನೆ ಈ ತುದಿ ಮುಟ್ಟುವ ಹೊತ್ತಿಗೆ ಸರ್ಕಾರವೇ ಬದಲಾಗಿರಬಹುದು. ಅಧ್ಯಕ್ಷೆ ಕೆಟ್ಟವರೇನಲ್ಲ. ಕನ್ನಡಕ ತೆಗೆದಿಟ್ಟು ಕೇಳಿದರು: "ನೇರವಾಗಿ ಹೇಳಿ ಸಾರ್, ನಿಮ್ಮ ಮಂಡಳಿ ಇರಬೇಕಾ?"

ಮಾವ ಎದ್ದು ನಿಂತರು. "ಮೇಡಂ, ನನಗೆ ಸಂಬಳ ಬರೋದು ಅದರಿಂದ. ನನ್ನ ಲಾಭದ ವಿಷಯಕ್ಕೆ ನಾನೇ ಅಭಿಪ್ರಾಯ ಹೇಳೋದು ಸರಿಯಲ್ಲ. ಇಷ್ಟು ವರ್ಷ ಎಲ್ಲ ಇಲಾಖೆಗಳಿಗೂ ನಾವು ಹೇಳ್ತಾ ಬಂದಿರೋದು ಅದನ್ನೇ."

"ಹೋಗಲಿ, ಪಿಂಚಣಿ ಕರಡಿನ ಬಗ್ಗೆಯಾದ್ರೂ ಹೇಳಿ."

"ಅದನ್ನ ಬರೆದೋನೂ ನಾನೇ, ಮೇಡಂ."

ಪಕ್ಕದ ಸದಸ್ಯರೊಬ್ಬರು, "ನಿಮ್ಮ ಹೆಸರಾದ್ರೂ ಹೇಳ್ತೀರೋ, ಅದೂ ನಿಮ್ಮದೇ ಅಂತ ಸುಮ್ಮನಿರ್ತೀರೋ?" ಎಂದರು. ಎಲ್ಲರೂ ನಕ್ಕರು. ಮಾವ ಕೂತುಕೊಂಡರು.

ಮುಂದಿನ ಸಾಕ್ಷಿ ಪಿಂಚಣಿ ಇಲಾಖೆಯ ನಿರ್ದೇಶಕ. ಅವನಿಗೆ ಅಂಥ ಮುಜುಗರವೇನೂ ಇರಲಿಲ್ಲ. ಮಂಡಳಿ ದಂಡ, ಕರಡು ಬರೀ ತಲೆನೋವು ಎಂದು, ನೀರಿನ ಲೋಟ ನಾಲ್ಕು ಸಲ ತುಂಬಿಸಿಕೊಂಡು ಹೇಳಿದ. ಮಂಡಳಿಯ ಪರವಾಗಿ ಮಂಡಳಿಯವರೇ ಒಂದು ಮಾತೂ ಆಡಲಿಲ್ಲವೆಂದು ಸಮಿತಿ ವರದಿ ಬರೆಯಿತು. ಕಚೇರಿಗೆ ಬೀಗ ಬಿತ್ತು. ಶೌಚಾಲಯ ಹುಡುಕುವವರಿಗೆ ಈಗ ಗೊಂದಲವಿಲ್ಲ.

ವರದಿ ಮನೆಗೆ ಬಂದ ಸಂಜೆ ಮಾವ ಅದನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಓದಿದರು.

"ಅವರದ್ದೇನಾದ್ರೂ ತಪ್ಪು ಸಿಕ್ತಾ?" ಹೆಂಡತಿ ಕೇಳಿದರು.

"ಕರೆದ್ರು, ಕೇಳಿದ್ರು, ಕಾರಣ ಬರೆದ್ರು. ಎಲ್ಲ ಕ್ರಮವಾಗಿದೆ."

"ಹಾಗಾದ್ರೆ ಆ ಮುದುಕಿಯರಿಗೆ ಏನು ಹೇಳ್ತೀರಿ?"

ಮಾವ ವರದಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಒಂದು ಲೋಪವಾದರೂ ಸಿಗಲಿ ಎಂಬಂತೆ, ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಮತ್ತೆ ಮೊದಲ ಪುಟದಿಂದ ಓದತೊಡಗಿದರು.