ಏಳನೆಯ ಪಡದಾ

ಚಾಚಾ ಅವರ ಎಡಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಎಂದೋ ಇಕ್ಕಳ ಜಾರಿ ಕಿತ್ತುಹೋಗಿತ್ತಂತೆ. ಆ ಬೋಳು ಬೆರಳಿನಿಂದಲೇ ಅವರು ತಂತಿ, ಕಟ್ಟಿಗೆ ಎಲ್ಲವನ್ನೂ ಸವರಿ ನೋಡುತ್ತಿದ್ದರು. ಗದಗಿನ ಸ್ಟೇಶನ್ ರಸ್ತೆಯಲ್ಲಿ ತಂಬೂರಿ, ಸಿತಾರ, ಹಾರ್ಮೋನಿಯಂ ರಿಪೇರಿ ಮಾಡುವ ಸಣ್ಣ ಅಂಗಡಿ ಅವರದು. ಅವಸರ ಮಾಡಿದವರಿಗೆ, "ಜಲ್ದಿ ಬೇಕಂದ್ರ ಬ್ಯಾರೆ ಕಡೆ ಒಯ್ರಿ" ಎನ್ನುವರು. ಊರಲ್ಲಿ ಬೇರೆ ಅಂಗಡಿಯೇ ಇರಲಿಲ್ಲ.

ನಾನೂ ನನ್ನ ಗಂಡನೂ ಬೆಟಗೇರಿಯ ಮಿಶನ್ ಶಾಲೆಯಲ್ಲಿ ಕಲಿಸುತ್ತಿದ್ದೆವು. ತಾಯ್ನಾಡಿಗೆ ಹೊರಟ ಪಾದ್ರಿಯೊಬ್ಬರು ತಮ್ಮ ಗಿಟಾರನ್ನು ನನ್ನ ಗಂಡನಿಗೆ ಕೊಟ್ಟುಹೋಗಿದ್ದರು. ಬಾರಿಸಿ ಬಾರಿಸಿ, ತಂತಿಯ ಕೆಳಗಿನ ಲೋಹದ ಅಡ್ಡಕಡ್ಡಿಗಳೆಲ್ಲ ಸವೆದಿದ್ದವು. ಸ್ವಾತಂತ್ರ್ಯ ಬಂದ ಮರುವರ್ಷ ಅದನ್ನು ಚಾಚಾ ಹತ್ತಿರ ಒಯ್ದೆ. ಆ ಕಡ್ಡಿಗಳಿಗೆ ಅವರು ಪಡದಾ ಎನ್ನುತ್ತಿದ್ದರು. ಗಿಟಾರು ಅವರಿಗೂ ಹೊಸದು.

"ಸಿತಾರದ ಪಡದಾ ದಾರದಾಗ ಕಟ್ಟಿರ್ತಾವ್ರಿ ಅಕ್ಕಾರ. ತಪ್ಪಿದ್ರ ಸರಸಬೌದು. ಇವನ್ನ ಕಟಗಿಯೊಳಗ ಬಡದು ಕುಂಡ್ರಿಸ್ಯಾರ" ಎಂದರು.

ಕಾದ ಕಬ್ಬಿಣ ತಾಗಿಸಿ ಒಂದೊಂದನ್ನೇ ಎಬ್ಬಿಸಿದರು. ಎದ್ದ ಕಟ್ಟಿಗೆಯ ಚಕ್ಕೆಯನ್ನು ಮತ್ತೆ ಅದೇ ಜಾಗಕ್ಕೆ ಅಂಟಿಸಿದರು. ಹೊಸ ಪಡದಾ ಮುಂಬೈಯಿಂದ ಬರಬೇಕಿತ್ತು, ಬರಲಿಲ್ಲ. ಅಷ್ಟರಲ್ಲಿ ನನ್ನ ಗಂಡನ ಕೆಮ್ಮು ಕ್ಷಯವೆಂದು ಗೊತ್ತಾಯಿತು. ಅದಕ್ಕೆ ಹೊಸ ಔಷಧ ಇದೆ ಎಂದು ಡಾಕ್ಟರು ಹೇಳಿದರು. ಎಷ್ಟು ಓಡಾಡಿದರೂ ಅದು ನಮ್ಮ ಕೈಗೆ ಸಿಗಲಿಲ್ಲ. ನನ್ನ ಗಂಡ ಮಲಗಿದಲ್ಲಿಂದಲೇ ಗಿಟಾರು ಬಂತೇ ಎಂದು ದಿನಾ ಕೇಳುತ್ತಿದ್ದರು.

ಒಂದು ದಿನ ಅಂಗಡಿಯಲ್ಲಿ ಎಲ್ಲವನ್ನೂ ಹೇಳಿಬಿಟ್ಟೆ. ಚಾಚಾ ಕೈಯಲ್ಲಿದ್ದ ಅರ ಕೆಳಗಿಟ್ಟರು.

"ಮೊದಲ ಯಾಕ ಹೇಳಲಿಲ್ರಿ?"

ಮೂರು ದಿನ ಬೇರೆ ಕೆಲಸ ಮುಟ್ಟದೆ, ಹಿತ್ತಾಳೆ ಪಟ್ಟಿ ಕತ್ತರಿಸಿ, ಅರದಿಂದ ತಿಕ್ಕಿ ತಾವೇ ಪಡದಾ ಮಾಡಿ ಕೂಡಿಸಿದರು. ಭಾನುವಾರ ಮಧ್ಯಾಹ್ನ ಗಿಟಾರನ್ನು ಧೋತರದಲ್ಲಿ ಸುತ್ತಿ, ಗದಗಿನಿಂದ ನಡೆದೇ ಬಂದರು. ಆಗ ಕ್ಷಯಕ್ಕೆ ಹೆದರಿ ನೆರೆಯವರು ನಮ್ಮ ಹೊಸ್ತಿಲು ದಾಟುತ್ತಿರಲಿಲ್ಲ. ಚಾಚಾ ಒಳಗೆ ಬಂದು ಮಂಚದ ಮೇಲೆಯೇ ಕುಳಿತರು.

ನನ್ನ ಗಂಡನ ಬೆರಳಿಗೆ ತಂತಿ ಒತ್ತುವ ಶಕ್ತಿ ಉಳಿದಿರಲಿಲ್ಲ. ಎರಡು ಸಲ ಪ್ರಯತ್ನಿಸಿ ಕೈ ಬಿಟ್ಟರು.

"ಎಲ್ಲಿ ಅಂತ ನೀವು ಹೇಳ್ರಿ ಮಾಸ್ತರ, ನಾ ಒತ್ತತೀನಿ" ಎಂದರು ಚಾಚಾ.

ಎರಡನೇ ತಂತಿ, ಮೂರನೇ ಪಡದಾ ಎಂದು ಇವರು ಉಸಿರು ಹಿಡಿದು ಹೇಳುವುದು, ಅವರು ಒತ್ತುವುದು, ಇವರು ಮೀಟುವುದು. ಹಾಗೆ ಇಬ್ಬರೂ ಸೇರಿ, ಶಾಲೆಯ ಮಕ್ಕಳಿಗೆ ಕಲಿಸುತ್ತಿದ್ದ ಪುಟ್ಟ ಹಾಡೊಂದನ್ನು ಮುಗಿಸಿದರು. ನಡುವೆ ಒಂದು ಕಡೆ ತಂತಿ ಝರ್ರೆಂದಿತು. ಚಾಚಾ ಮುಖ ಸಣ್ಣದಾಯಿತು. ಏಳನೆಯದು ಕೂದಲೆಳೆಯಷ್ಟು ಎದ್ದಿದೆ, ಒಯ್ದು ತಿಕ್ಕಿ ತರುತ್ತೇನೆ ಎಂದರು. ನನ್ನ ಗಂಡ ಗಿಟಾರನ್ನು ಎದೆಗೆ ಒತ್ತಿಕೊಂಡರು.

"ಇರಲಿ ಚಾಚಾ, ಒಯ್ಯಬ್ಯಾಡ್ರಿ."

ಒಂಬತ್ತನೆಯ ದಿನ ನನ್ನ ಗಂಡ ತೀರಿಕೊಂಡರು. ಮಣ್ಣು ಕೊಡುವಾಗ ಚಾಚಾ ಸ್ಮಶಾನದ ಬೇಲಿಯ ಆಚೆ ನಿಂತಿದ್ದರು. ತಿಂಗಳಾದ ಮೇಲೆ ಅರ ಹಿಡಿದು ಮನೆಗೆ ಬಂದು, ಪಡಸಾಲೆಯಲ್ಲಿ ಕುಳಿತು ಆ ಏಳನೆಯ ಪಡದಾವನ್ನು ತಿಕ್ಕಿ ಸರಿಮಾಡಿದರು. ಬಾರಿಸುವವರು ಯಾರೂ ಇಲ್ಲವೆಂದು ನಾನು ಹೇಳಲಿಲ್ಲ, ಅವರೂ ಕೇಳಲಿಲ್ಲ.

ಏಕೀಕರಣವಾದ ವರ್ಷ ಅವರಿಗೆ ಲಕ್ವಾ ಹೊಡೆಯಿತು. ಮಗಳು ಲಕ್ಷ್ಮೇಶ್ವರಕ್ಕೆ ಕರೆದೊಯ್ದಿದ್ದಳು. ಹೊಸ ರಾಜ್ಯವಾಯಿತೆಂದು ಶಾಲೆಯಲ್ಲಿ ಪೇಢೆ ಹಂಚಿದ ಮರುದಿನ ನೋಡಲು ಹೋದೆ. ನನ್ನನ್ನು ಕಂಡವರೇ ಏನೋ ಕೇಳಲು ಹೋದರು. ಬಾಯಿಂದ ಬರೀ ಉಸಿರು ಬಂತು. ನೀರೇ ಎಂದೆ, ಹೊದಿಕೆಯೇ ಎಂದೆ, ಯಾರನ್ನಾದರೂ ಕರೆಸಲೇ ಎಂದೆ. ಯಾವುದೂ ಅಲ್ಲವೆಂದು ತಲೆಯಾಡಿಸಿದರು. ಮಗಳಿಗೂ ತಿಳಿಯಲಿಲ್ಲ. ಸಂಜೆಯವರೆಗೆ ಒಂದೊಂದೇ ಕೇಳುತ್ತ ಕುಳಿತೆ. ಕೊನೆಗೆ ಅವರೇ ಸೋತು ಗೋಡೆಯ ಕಡೆ ಮುಖ ಹೊರಳಿಸಿದರು.

ಹದಿನೈದು ದಿನಕ್ಕೆ ಹೋಗಿಬಿಟ್ಟರು. ಅವರು ನನ್ನನ್ನು ಏನು ಕೇಳುತ್ತಿದ್ದರೆಂದು ಇಂದಿಗೂ ಗೊತ್ತಿಲ್ಲ.