ಕರೆಂಟು ಕೊಟ್ಟ ಹಳೇ ಮೋಟಾರು

ಎಂಬತ್ತರ ದಶಕದ ಮೊದಲಲ್ಲಿ ನಾನು ಕೊಯಮತ್ತೂರಿನ ಹತ್ತಿರದ ಸೋಮನೂರಿಗೆ ಸೊಸೆಯಾಗಿ ಬಂದೆ. ಮನೆಯ ಹಿಂದೆಯೇ ತಗಡಿನ ಷೆಡ್ಡು, ಅದರೊಳಗೆ ನಾಲ್ಕು ಪವರ್‌ಲೂಮ್. ಮಾವ ಮತ್ತು ನಮ್ಮ ಮನೆಯವರು ಮಗ್ಗ ನೋಡಿಕೊಳ್ಳುತ್ತಿದ್ದರು, ನಾನೂ ಅತ್ತೆಯೂ ಲಾಳಿಗೆ ನೂಲು ಸುತ್ತುತ್ತಿದ್ದೆವು. ಮಗ್ಗ ನಡೆಯುವಾಗ ಪಕ್ಕದಲ್ಲಿ ಕೂತವರ ಮಾತೂ ಕಿವಿಗೆ ಬೀಳದು. ತುಟಿ ನೋಡಿ, ಕೈಸನ್ನೆ ನೋಡಿ ಅರ್ಥ ಮಾಡಿಕೊಳ್ಳಬೇಕು.

ಆ ಸದ್ದು ತಟ್ಟನೆ ನಿಂತರೆ ಕರೆಂಟು ಹೋಯಿತೆಂದು ಲೆಕ್ಕ. ಆ ವರ್ಷಗಳಲ್ಲಿ ಅದು ದಿನವೂ ಹೋಗುತ್ತಿತ್ತು. ಊರಿನ ಗಂಡಸರೆಲ್ಲ ಬೀದಿಗೆ ಬಂದು ತಮಿಳಿನಲ್ಲಿ ಬೈದುಕೊಳ್ಳುತ್ತಾ ನಿಲ್ಲುತ್ತಿದ್ದರು. ಮಾವ ಮಾತ್ರ ಷೆಡ್ಡು ಬಿಟ್ಟು ಬರುತ್ತಿರಲಿಲ್ಲ. ಮೈನ್ ಸ್ವಿಚ್ಚಿನ ಹಿಡಿಯನ್ನು ಕೆಳಕ್ಕೆ ಎಳೆಯುವುದು, ಮೇಲಕ್ಕೆ ತಳ್ಳುವುದು, ಬಲ್ಬು ನೋಡುವುದು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದೇ.

ನಮ್ಮ ಮನೆಯವರಿಗೆ ಯಂತ್ರದ ಹುಚ್ಚು. ಒಮ್ಮೆ ಕೊಯಮತ್ತೂರಿನ ಗುಜರಿ ಅಂಗಡಿಯಿಂದ ಬಾವಿ ಪಂಪಿನ ಒಂದು ಮೋಟಾರು ತಂದರು. ಸುರುಳಿ ಸುಟ್ಟು ಕರಕಲು ವಾಸನೆ ಬರುತ್ತಿತ್ತು. ಹಳೆಯ ತಂತಿ ಕಿತ್ತು, ಹೊಸ ತಾಮ್ರದ ತಂತಿಯನ್ನು ವಾರಗಟ್ಟಲೆ ಕೂತು ಸುತ್ತಿದರು.

"ಮೋಟಾರು ಕರೆಂಟು ತಿನ್ನೋದು. ಅದು ಹೆಂಗೆ ಕರೆಂಟು ಕೊಡುತ್ತೆ?" ಅಂತ ಕೇಳಿದೆ.

"ಅದು ತಾನಾಗಿ ಓಡೋದಕ್ಕಿಂತ ಸ್ವಲ್ಪ ಜೋರಾಗಿ ನಾವು ಓಡಿಸ್ಬೇಕು. ಜೊತೆಗೆ ಕಂಡೆನ್ಸರ್ ಹಾಕ್ಬೇಕು. ಆಗ ಕೊಡುತ್ತೆ. ನೋಡ್ತಿರು."

ಅದನ್ನು ಓಡಿಸಲು ಡೀಸೆಲ್ ಎಂಜಿನ್ ಬೇಕಾಯಿತು. ಕರುಮತ್ತಂಪಟ್ಟಿಯ ಕಡೆ ನಮ್ಮ ಹಾಗೆ ಮನೆಯಲ್ಲಿ ಕನ್ನಡವನ್ನೇ ಆಡುವ ಒಬ್ಬರು ರೈತರಿದ್ದರು. ಅವರ ಬಾವಿಗೆ ಕರೆಂಟು ಬಂದ ಮೇಲೆ ಹಳೆಯ ಎಂಜಿನ್ ದನದ ಕೊಟ್ಟಿಗೆಯಲ್ಲಿ ಬಿದ್ದಿತ್ತು. ಅದನ್ನು ಎತ್ತಿನ ಗಾಡಿಯಲ್ಲಿ ತಂದು ಷೆಡ್ಡಿನ ಹಿಂದೆ ಚಪ್ಪರ ಹಾಕಿ ಕೂರಿಸಿದರು. ಎಂಜಿನ್ನಿಗೂ ಮೋಟಾರಿಗೂ ನಡುವೆ ಒಂದು ಬೆಲ್ಟು.

ಮೊದಲ ದಿನ ಎಷ್ಟು ಓಡಿಸಿದರೂ ಬಲ್ಬಿಗೆ ಜೀವ ಬರಲಿಲ್ಲ. ಯಾರದೋ ಸ್ಕೂಟರಿನ ಬ್ಯಾಟರಿ ತಂದು ಮೋಟಾರಿನ ತಂತಿಗೆ ಒಂದು ಕ್ಷಣ ಮುಟ್ಟಿಸಿ, ಮತ್ತೆ ಎಂಜಿನ್ ಓಡಿಸಿದರು. ಬಲ್ಬಿನೊಳಗಿನ ಎಳೆ ಕೆಂಪಗಾಯಿತು, ಬೆಳ್ಳಗಾಯಿತು, ಆಮೇಲೆ ಪಟ್ಟನೆ ಒಡೆಯಿತು. ಅವರು ಗಾಜಿನ ಚೂರುಗಳ ನಡುವೆ ನಿಂತು ನಗುತ್ತಿದ್ದರು. ಮದುವೆಯಾದಾಗಿನಿಂದ ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

ಆ ಕರೆಂಟಿಗೆ ಎರಡು ಮಗ್ಗ ಮಾತ್ರ ಓಡುತ್ತಿದ್ದವು. ಊರೆಲ್ಲ ಸುಮ್ಮನಿರುವಾಗ ನಮ್ಮ ಷೆಡ್ಡಿನಲ್ಲಿ ಸದ್ದು ಕೇಳಿ ಜನ ಬಂದು ಇಣುಕುತ್ತಿದ್ದರು. ನಮ್ಮ ಮನೆಯವರು ಎಲ್ಲರಿಗೂ ಒಂದು ಮಾತು ಕಟ್ಟುನಿಟ್ಟಾಗಿ ಹೇಳಿದ್ದರು. ಎಂಜಿನ್ ಶುರು ಮಾಡುವ ಮೊದಲು ಮೈನ್ ಕೆಳಗೆ ಇರಬೇಕು, ಇಲ್ಲದಿದ್ದರೆ ನಮ್ಮ ಕರೆಂಟು ಬೀದಿಯ ತಂತಿಗೆ ಹೋಗುತ್ತದೆ. ಇದನ್ನು ತಾನಾಗಿಯೇ ತಡೆಯುವ ಎರಡು ಕಡೆ ಬೀಳುವ ಸ್ವಿಚ್ಚು ಒಂದಿದೆ, ಗುಜರಿಯಲ್ಲಿ ಸಿಕ್ಕಿದರೆ ತರುತ್ತೇನೆ ಎನ್ನುತ್ತಿದ್ದರು. ಅಲ್ಲಿಯವರೆಗೆ ಇರಲಿ ಎಂದು ಮೈನಿನ ಹಿಡಿಗೆ ಕೆಂಪು ಬಟ್ಟೆ ಕಟ್ಟಿದರು.

"ಅಪ್ಪಾ, ಎಂಜಿನ್ ಓಡ್ತಿರೋವಾಗ ಇದನ್ನ ಮುಟ್ಬೇಡಿ."

"ನನಗೇನು ತಿಳಿಯಲ್ವಾ?" ಎಂದರು ಮಾವ.

ಆಡಿ ತಿಂಗಳ, ಅಂದರೆ ನಮ್ಮ ಆಷಾಢದ, ಗಾಳಿಗೆ ಕಂಬದಿಂದ ನಮ್ಮ ಷೆಡ್ಡಿಗೆ ಬರುವ ತಂತಿ ಮೇಲುಗಡೆ ಸುಟ್ಟುಹೋಯಿತು. ಮರುದಿನ ವಯರ್‌ಮ್ಯಾನ್ ಬಂದ. ಇನ್ನೂ ಮದುವೆಯಾಗದ ಹುಡುಗ, ಸೈಕಲ್ಲಿನ ಹ್ಯಾಂಡಲ್ಲಿಗೆ ಹಗ್ಗದ ಸುರುಳಿ ನೇತುಹಾಕಿಕೊಂಡಿದ್ದ. "ಅಕ್ಕಾ, ಕೊಂಜಂ ತಣ್ಣಿ ಕುಡುಂಗ" ಎಂದ. ಚೊಂಬಿನಲ್ಲಿ ನೀರು ಕೊಟ್ಟೆ. ಎಂಜಿನ್ ನಿಲ್ಲಿಸಲೇ ಎಂದು ನಮ್ಮ ಮನೆಯವರು ಕೇಳಿದರು. ಅವನು ಒಳಗೆ ಬಂದು ಮೈನ್ ಕೆಳಗಿರುವುದನ್ನು ನೋಡಿ, ಬೇಡ ಅಣ್ಣ, ನಿಮ್ಮ ಕೆಲಸ ಯಾಕೆ ಕೆಡಿಸಿಕೊಳ್ಳುತ್ತೀರಿ ಎಂದ. ಬೀದಿಯ ಕಡೆಯ ಫ್ಯೂಸು ತೆಗೆದಿಟ್ಟು ಏಣಿ ಹತ್ತಿದ. ನಮ್ಮ ಮನೆಯವರು ಹಿಂದಿನ ಚಪ್ಪರಕ್ಕೆ ಹೋದರು.

ಷೆಡ್ಡಿನ ಬಾಗಿಲಿನಿಂದ ಕಂಬ ಕಾಣುತ್ತಿತ್ತು. ಅವನು ಮೇಲಿನಿಂದ ಬೀದಿಯಲ್ಲಿದ್ದ ಯಾರಿಗೋ ಏನೋ ಕೂಗಿ ಕೈ ಬೀಸಿದ. ಮಗ್ಗದ ಸದ್ದಿನಲ್ಲಿ ನಮಗೆ ಏನೂ ಕೇಳಲಿಲ್ಲ. ಕರೆಂಟು ಬಂತು ಅನ್ನುತ್ತಿದ್ದಾನೆ ಎಂದು ಮಾವ ತಿಳಿದುಕೊಂಡರು. ಗೋಡೆಯ ಹತ್ತಿರ ಹೋಗಿ ಹಿಡಿಯನ್ನು ಮೇಲಕ್ಕೆ ತಳ್ಳಿದರು. ನಾನು ಎದ್ದು ಕೂಗಿದೆ. ನನ್ನ ಕೂಗೂ ಅವರಿಗೆ ಕೇಳಲಿಲ್ಲ.

ಹುಡುಗ ಕಂಬಕ್ಕೆ ಅಂಟಿಕೊಂಡ ಹಾಗೆ ಸೆಟೆದು, ಆಮೇಲೆ ಬಿದ್ದ.

ಬೀದಿಯಲ್ಲಿ ಜನ ಓಡಿದ್ದನ್ನು ಕಂಡು ನಮ್ಮ ಮನೆಯವರು ಒಳಗೆ ಬಂದರು. ಮೊದಲು ನೋಡಿದ್ದು ಮೈನ್. ಕೆಂಪು ಬಟ್ಟೆ ಮೇಲಿತ್ತು, ಅದರ ಪಕ್ಕದಲ್ಲಿ ಅವರಪ್ಪ. ಹಿಡಿಯನ್ನು ಕೆಳಗೆಳೆದು, ಎಂಜಿನ್ ನಿಲ್ಲಿಸಿ ಹೊರಗೆ ಓಡಿದರು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಹುಡುಗ ಹೋಗಿದ್ದ.

ಸಂಜೆ ಪೊಲೀಸರು ಬಂದು ಮೈನ್ ಹಾಕಿದ್ದು ಯಾರು ಎಂದು ಕೇಳಿದರು.

"ನಾನೇ" ಎಂದರು ನಮ್ಮ ಮನೆಯವರು.

ಮಾವ ಮಗ್ಗಕ್ಕೆ ಒರಗಿ ನಿಂತಿದ್ದರು. ನಾನು ನಮ್ಮ ಮನೆಯವರ ಮುಖ ನೋಡಿದೆ. ಸುಮ್ಮನಿರು ಎಂದು ಕಣ್ಣಿನಲ್ಲೇ ಹೇಳಿದರು. ಪೊಲೀಸರು ಅವರನ್ನೂ ಮೋಟಾರನ್ನೂ ಒಂದೇ ಗಾಡಿಯಲ್ಲಿ ಹಾಕಿಕೊಂಡು ಹೋದರು.

ಕೊಯಮತ್ತೂರಿನ ಕೋರ್ಟಿನಲ್ಲಿ ಅವರು ತಪ್ಪು ಒಪ್ಪಿಕೊಂಡರು. ಕೆಲವು ತಿಂಗಳ ಜೈಲಾಯಿತು. ಅವರು ಒಳಗಿದ್ದಾಗಲೇ ಒಂದು ಮಧ್ಯಾಹ್ನ ಆ ಹುಡುಗನ ತಾಯಿ ನಮ್ಮ ಮನೆಗೆ ಬಂದಳು. ಬೈಯಲಿಲ್ಲ, ಅಳಲಿಲ್ಲ. ಜಗಲಿಯ ತುದಿಯಲ್ಲಿ ಕೂತು ತಮಿಳಿನಲ್ಲಿ, "ಹೆಂಗಾಯ್ತು ಅಂತ ಯಾರೂ ನನಗೆ ಸರಿಯಾಗಿ ಹೇಳಲಿಲ್ಲ. ನೀವಾದ್ರೂ ಹೇಳಿ" ಎಂದಳು.

ನಾನು ಬಾಯಿ ತೆರೆಯುವ ಮೊದಲೇ ಮಾವ ಹೇಳಿದರು. "ನಾನಮ್ಮಾ. ಕರೆಂಟು ಬಂತು ಅಂದ್ಕೊಂಡು ನಾನೇ ಹಾಕ್ದೆ."

ಅವಳು ಅವರ ಕಡೆ ತಿರುಗಿದಳು. "ಹಂಗಾದ್ರೆ ನಿನ್ನ ಮಗ ಯಾಕೆ ಒಳಗೆ ಕೂತವ್ನೆ?"

ಅವಳು ಎದ್ದು ಸೆರಗು ಸರಿಮಾಡಿಕೊಂಡು ಹೋದಳು.

ಮರುದಿನ ಬೆಳಿಗ್ಗೆ ಮಾವ ಒಗೆದ ಪಂಚೆ ಉಟ್ಟು ಸ್ಟೇಷನ್ನಿಗೆ ಹೋದರು. ಅಲ್ಲಿ ಅವರ ಮಾತನ್ನು ಯಾರೂ ನಂಬಲಿಲ್ಲ. ಮಗನನ್ನು ಬಿಡಿಸಲು ಮುದುಕ ಸುಳ್ಳು ಹೇಳುತ್ತಿದ್ದಾನೆ ಎಂದುಕೊಂಡು ಟೀ ಕುಡಿಸಿ ಕಳಿಸಿದರು. ಜೈಲಿನಲ್ಲಿ ಪೊಲೀಸರು ನಮ್ಮ ಮನೆಯವರನ್ನು ಕೇಳಿದಾಗ, ಅಪ್ಪನಿಗೆ ನನ್ನ ಮೇಲೆ ಪ್ರೀತಿ, ಅದಕ್ಕೆ ಹಾಗೆ ಹೇಳುತ್ತಾರೆ ಎಂದುಬಿಟ್ಟರಂತೆ. ಅತ್ತೆಯನ್ನೂ ನನ್ನನ್ನೂ ಬಿಟ್ಟರೆ ನಮ್ಮವರಲ್ಲೂ ಯಾರೂ ಒಪ್ಪಲಿಲ್ಲ; ಕಣ್ಣಾರೆ ಕಂಡ ನಾನು ನಮ್ಮ ಮನೆಯವರ ಮಾತಿಗೆ ಕಟ್ಟುಬಿದ್ದು ಬಾಯಿ ಬಿಡಲಿಲ್ಲ. ಮಾವ ಎದುರಿಗೆ ಬಂದವರಿಗೆಲ್ಲ ಹೇಳತೊಡಗಿದರು. ಜನ ತಲೆಯಾಡಿಸಿ, ಪಾಪ, ಎಂಥ ತಂದೆ ಎನ್ನುತ್ತಿದ್ದರು. ಆ ಹೊಗಳಿಕೆ ಕೇಳಿದಾಗಲೆಲ್ಲ ಅವರು ಊಟ ಬಿಡುತ್ತಿದ್ದರು.

ಬಿಡುಗಡೆಯಾದ ಮೇಲೆ ನಮ್ಮ ಮನೆಯವರು ಸೋಮನೂರಿನಲ್ಲಿ ನಿಲ್ಲಲಿಲ್ಲ. ನನ್ನನ್ನು ಕರೆದುಕೊಂಡು ಹೋಗಿ, ತುಡಿಯಲೂರಿನಲ್ಲಿ ಪಂಪು ಜೋಡಿಸುವ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದರು. ಸುರುಳಿ ಸುತ್ತುವ ಕೆಲಸ ಕೊಟ್ಟರೆ ಬೇಡ ಎಂದು, ಬಣ್ಣ ಬಳಿಯುವ ಕಡೆ ನಿಂತರು. ಮಾವ ಒಮ್ಮೆ ಮಾತ್ರ ಅಲ್ಲಿನ ನಮ್ಮ ಮನೆಗೆ ಬಂದಿದ್ದರು. ಅಷ್ಟರಲ್ಲಿ ಹುಟ್ಟಿದ್ದ ನಮ್ಮ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಮೈನ್ ಹಾಕಿದ್ದು ನಾನು. ನೀನು ಒಂದ್ಸಲ ಹೌದು ಅನ್ನಪ್ಪಾ. ಹೊರಗೆ ಬೇಡ, ಇಲ್ಲೇ, ನನ್ನ ಮುಂದೆ ಅನ್ನು" ಎಂದು ಮಗನನ್ನು ಕೇಳಿದರು.

ನಮ್ಮ ಮನೆಯವರು ಎದ್ದು ಅಂಗಿ ಹಾಕಿಕೊಂಡರು. "ನಿಮ್ಮ ಬಸ್ಸಿಗೆ ಹೊತ್ತಾಯ್ತಪ್ಪಾ" ಎಂದರು.

ಮಾವನನ್ನು ಬಸ್ಸು ಹತ್ತಿಸಿ ಬಂದ ಮೇಲೆ ನಾನು ನಮ್ಮ ಮನೆಯವರನ್ನು ಕೇಳಿದೆ. "ಅಷ್ಟು ಕೇಳ್ಕೊಂಡ್ರಲ್ಲ, ಒಂದು ಮಾತು ಅನ್ನಬಾರದಿತ್ತಾ?"

"ಹೌದು ಅಂದ್ಬಿಟ್ರೆ, ನಾನು ಒಳಗೆ ಕೂತದ್ದು ಯಾತಕ್ಕೆ?" ಎಂದು ಹೇಳಿ ಅವರು ಕೈ ತೊಳೆಯಲು ಹೋದರು.